ಬೇರೆಯವರು ಹಾಕಿದ ಹಾಡು

ಎಲ್ಲ ಕೇಳುಗರಿಗೂ ನಮಸ್ಕಾರ.

ನಮ್ಮ ಪೇಟೆಯಲ್ಲಿ ಈಗ ಅತಿ ಹೆಚ್ಚು ಜನರಿಗೆ ಬಾಯಿಪಾಠ ಬರುವ ಹಾಡು ಯಾವುದು, ಹೇಳಿ ನೋಡುವಾ? ಸಿನಿಮಾ ಹಾಡಲ್ಲ, ಭಜನೆಯೂ ಅಲ್ಲ. ಬೆಳಿಗ್ಗೆ ಕಸದ ಗಾಡಿ ಹಾಕಿಕೊಂಡು ಬರುತ್ತದಲ್ಲ, ಆ ಹಾಡು. ಹಸಿ ಕಸ ಬೇರೆ ಮಾಡಿ, ಒಣ ಕಸ ಬೇರೆ ಮಾಡಿ ಎನ್ನುವ ಅದನ್ನು ಯಾರೂ ಡೌನ್‌ಲೋಡ್ ಮಾಡಿಕೊಂಡವರಲ್ಲ. ಹಾಡಿದವರು ಯಾರು, ಬರೆದವರು ಯಾರು, ಯಾರಿಗೂ ಗೊತ್ತಿಲ್ಲ. ಆದರೂ ಕುಮಟೆಯ ನಮ್ಮ ಕೇರಿಯಲ್ಲಿ ಈಗಷ್ಟೇ ಮಾತು ಕಲಿಯುತ್ತಿರುವ ಮಗುವೂ ಅದನ್ನು ತೊದಲುತ್ತದೆ. ನಮ್ಮ ಪಕ್ಕದ ಮನೆಯ ನಿವೃತ್ತ ಮಾಸ್ತರರು ಭೀಮಸೇನ ಜೋಶಿಯವರನ್ನು ಬಿಟ್ಟರೆ ಇನ್ನೊಬ್ಬರ ಗಾಯನಕ್ಕೆ ಕಿವಿ ಕೊಡುವವರಲ್ಲ. ಮೊನ್ನೆ ಅಂಗಳದಲ್ಲಿ ಕನ್ನಡಿ ಇಟ್ಟುಕೊಂಡು ದಾಡಿ ಮಾಡಿಕೊಳ್ಳುತ್ತ ಏನೋ ಗುನುಗುತ್ತಿದ್ದರು. ಯಾವ ರಾಗ ಎಂದು ಬೇಲಿಯ ಈಚೆಯಿಂದ ಕಿವಿಗೊಟ್ಟೆ. ಹಸಿ ಕಸ, ಒಣ ಕಸ!

ನನ್ನ ವಾದ ಇಷ್ಟೇ. ನಾವೇ ಹುಡುಕಿ, ಆರಿಸಿ, ಪಟ್ಟಿ ಮಾಡಿ ಹಾಕಿಕೊಂಡ ಹಾಡಿಗಿಂತ, ನಮ್ಮನ್ನು ಒಂದು ಮಾತೂ ಕೇಳದೆ ಬೇರೆಯವರು ಹಾಕಿದ ಹಾಡು ಹೆಚ್ಚು ಮೈಗೆ ಹತ್ತುತ್ತದೆ. ರೇಡಿಯೋದಲ್ಲಿ ಕೂತು ಹೀಗೆ ಹೇಳಿದರೆ ಉಂಡ ಮನೆಯ ಋಣ ತೀರಿಸುತ್ತಿದ್ದಾಳೆ ಎಂದು ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ, ಅಡ್ಡಿಯಿಲ್ಲ.

ಈಚೆಗೆ ನಮ್ಮ ತವರುಮನೆ ಕಡೆಯ ಒಂದು ಮದುವೆಯ ದಿಬ್ಬಣ ಶಿರಸಿಯಿಂದ ಕುಮಟೆಗೆ ಬಂತು. ಟೆಂಪೋದಲ್ಲಿ ಮುಂದೆ ಭಟ್ಟರು, ಅವರ ಹಿಂದೆ ಎಲೆ-ಅಡಿಕೆ ಕವಳದ ಸಂಚಿ ಹಿಡಿದ ಹಿರಿಯರು, ಕೊನೆಯ ಸೀಟಿನಲ್ಲಿ ನನ್ನ ಅಣ್ಣನ ಮಗ ಮತ್ತು ಅವನ ವಾರಗೆಯ ಮಕ್ಕಳು. ಅವನು ಬೆಂಗಳೂರಿನಲ್ಲಿ ಓದುವವನು. ಎರಡು ರಾತ್ರಿ ಕೂತು ಈ ಪ್ರಯಾಣಕ್ಕಾಗಿಯೇ ಹಾಡುಗಳ ಪಟ್ಟಿ ಮಾಡಿಕೊಂಡಿದ್ದನಂತೆ. ಅಂಗೈಯಗಲದ ಒಂದು ಸ್ಪೀಕರ್ ತಂದಿದ್ದ. ಊರು ಬಿಟ್ಟದ್ದೇ ಶುರು ಮಾಡಿದ. ನಮ್ಮ ದೊಡ್ಡಪ್ಪ ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ ತಿರುಗಿ, "ಎಂಥದ್ದೋ ಮಾಣಿ ಅದು? ಬಾವಿಗೆ ಕೊಡಪಾನ ಬಿದ್ದಾಂಗೆ ಕೇಳ್ತು" ಎಂದರು.

ದೊಡ್ಡಪ್ಪ ಇಷ್ಟು ಶ್ರಮ ಪಡುವ ಅಗತ್ಯವೇ ಇರಲಿಲ್ಲ. ದೇವಿಮನೆ ಘಟ್ಟ ಇಳಿಯಲು ಶುರುವಾದ ಮೇಲೆ ನಡೆಯುವುದು ಘಟ್ಟದ್ದೇ ಕಾರುಬಾರು. ದೇವಸ್ಥಾನದ ಎದುರು ಡ್ರೈವರ್ ಗಾಡಿ ನಿಧಾನ ಮಾಡಿ ಕೈಮುಗಿದ. ಮುಂದಿನ ತಿರುವಿಗೆ ಹಾಡು ನಿಂತಿತು. ಪಲ್ಲವಿಯ ನಡುವೆ, ಅರ್ಧ ಶಬ್ದಕ್ಕೆ. "ಅತ್ತೆ, ನೆಟ್‌ವರ್ಕ್ ಇಲ್ಲೆ" ಎಂದ ಹುಡುಗ. ಫೋನಿನ ಪರದೆಯ ಮೇಲೆ ಒಂದು ಬಿಳಿ ಚಕ್ರ ಸುತ್ತುತ್ತಲೇ ಇತ್ತು.

ಆಗ ಡ್ರೈವರ್ ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಯ ಹಿಂದಿನಿಂದ ಪೆನ್‌ಡ್ರೈವ್ ತೆಗೆದ. ಕಂಡಕಂಡಲ್ಲಿ ಗೀರು ಬಿದ್ದದ್ದು, ಮುಚ್ಚಳ ಎಂದೋ ಕಳೆದುಹೋದದ್ದು. ಈ ಡ್ರೈವರುಗಳ ಪೆನ್‌ಡ್ರೈವ್ ಬಗ್ಗೆ ಯಾರಾದರೂ ಕೂತು ಪಿಎಚ್‌ಡಿ ಮಾಡಬೇಕು. ಮೊದಲು ಒಂದು ದೇವರ ಹಾಡು, ಅದು ಕಡ್ಡಾಯ. ಆಮೇಲೆ ಹಂಸಲೇಖರ ಕಾಲದ ಕನ್ನಡ ಹಾಡು ಒಂದು ಹೊರೆ. ನಡುವೆ ಕುಮಾರ್ ಸಾನು ಎರಡು ಸಲ ಬಂದು ಹೋಗುತ್ತಾರೆ. ಎಲ್ಲಿಂದಲೋ ಒಂದು ತಮಿಳು ಹಾಡು, ಅದು ಅಲ್ಲಿಗೆ ಹೇಗೆ ಸೇರಿತು ಎಂದು ಡ್ರೈವರನಿಗೂ ಗೊತ್ತಿರುವುದಿಲ್ಲ. ಆಮೇಲೆ ಒಂದು ಯಕ್ಷಗಾನದ ಪದ್ಯ, ಚಂಡೆ ಸಮೇತ. ಕತಗಾಲ ಬರುವ ಹೊತ್ತಿಗೆ ಭಟ್ಟರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ದೊಡ್ಡಪ್ಪ ಕವಳ ಉಗಿದು ಬಂದು ಒಂದು ಚರಣಕ್ಕೆ ದನಿ ಸೇರಿಸಿದ್ದರು. ನನ್ನ ಅಳಿಯರಾಯ ಸ್ಪೀಕರ್ ಮಡಿಲಲ್ಲಿಟ್ಟುಕೊಂಡು ಮುಖ ಊದಿಸಿ ಕೂತಿದ್ದ. ಅದೇ ಹುಡುಗ ಮರುದಿನ ಬೀಗರ ಮನೆಯಲ್ಲಿ ಚಾ ಕುಡಿಯುತ್ತ ಶಿಳ್ಳೆ ಹಾಕುತ್ತಿದ್ದದ್ದು ಯಾವುದು ಅಂತೀರಿ? ತಾನು ಪಟ್ಟಿ ಮಾಡಿದ ಹಾಡೊಂದೂ ಅಲ್ಲ. ಆ ತಮಿಳು ಹಾಡು.

ಫೋನಿನಲ್ಲಿ ಲೋಕದ ಹಾಡೆಲ್ಲ ಇದೆ ಎನ್ನುತ್ತಾರೆ. ಇದೆ, ನಿಜ. ಅದರೆದುರು ಕೂತರೆ ನನಗಂತೂ ಒಂದು ಹಾಡನ್ನೂ ಪೂರ್ತಿ ಕೇಳಲಾಗುವುದಿಲ್ಲ. ಪಲ್ಲವಿ ಮುಗಿಯುವುದರೊಳಗೆ ಇದಕ್ಕಿಂತ ಒಳ್ಳೆಯದು ಇದ್ದೀತು ಎಂದು ಬೆರಳು ತುರಿಸುತ್ತದೆ. ಬದಲಿಸುತ್ತೇನೆ. ಅದೂ ಬೇಡ. ಕಡೆಗೆ ಹಾಡು ಹುಡುಕುವುದರಲ್ಲೇ ಅನ್ನ ಬೆಂದು ಸಾರು ಕುದಿದು ಅಡುಗೆಯೇ ಮುಗಿದಿರುತ್ತದೆ. ರೇಡಿಯೋ ಹಚ್ಚಿಟ್ಟರೆ ಆ ತಾಪತ್ರಯ ಇಲ್ಲ. ಬೇಡದ ಹಾಡು ಬಂದರೆ ಬೈದುಕೊಂಡು ಕೇಳುತ್ತೇನೆ. ಬೈಯುತ್ತ ಕೇಳಿದ ಹಾಡು ಎಷ್ಟು ಚೆನ್ನಾಗಿ ನೆನಪಿರುತ್ತದೆ ಎಂದರೆ, ಪರೀಕ್ಷೆಯ ಪಾಠವನ್ನು ಹೀಗೆ ಬೈಯುತ್ತ ಓದಿದ್ದರೆ ನಾನು ಎಲ್ಲೋ ಇರುತ್ತಿದ್ದೆ.

ಆಕಾಶವಾಣಿಯ ಬೆಳಗಿನ ಆ ಸಂಕೇತ ಧ್ವನಿಯನ್ನೇ ತೆಗೆದುಕೊಳ್ಳಿ. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಏಳುತ್ತದಲ್ಲ, ಅದು. ಅದನ್ನು ಕೇಳಿ ಎದ್ದ ಅಜ್ಜಿಯಂದಿರು, ಅದನ್ನು ಕೇಳಿ ದನ ಕರೆಯಲು ಹೋದವರು, ಅದರ ಸಪ್ಪಳಕ್ಕೆ ಹೆದರಿ ಪುಸ್ತಕ ತೆರೆದವರು ನಮ್ಮ ಘಟ್ಟದ ಮೇಲೂ ಕೆಳಗೂ ಮನೆಮನೆಯಲ್ಲಿದ್ದಾರೆ. ಆ ರಾಗ ಶಿವರಂಜನಿ. ಕಟ್ಟಿದವರು ವಾಲ್ಟರ್ ಕೌಫ್‌ಮನ್, ಈಗಿನ ಚೆಕ್ ದೇಶದ ಕಡೆಯ ಯಹೂದಿ. ಯುರೋಪಿನಲ್ಲಿ ಹಿಟ್ಲರನ ಕಾಟ ಶುರುವಾದಾಗ 1934ರಲ್ಲಿ ಮುಂಬಯಿಗೆ ಬಂದು, ಅಲ್ಲಿಯ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದವರು. ದೇಶ ಬಿಟ್ಟು ಬಂದ ಮನುಷ್ಯ ಕಟ್ಟಿದ ರಾಗಕ್ಕೆ ನಮ್ಮ ಸಿದ್ದಾಪುರದ ಕೊಟ್ಟಿಗೆಯ ಎಮ್ಮೆ ಹಾಲು ಇಳಿಸಿತು. ಅವರನ್ನು ಆರಿಸಿದವರು ನಾವಲ್ಲ, ಎಮ್ಮೆಯಂತೂ ಅಲ್ಲ.

ಹಾಗೆಂದು ಹಾಕುವವರು ಯಾವಾಗಲೂ ಶಾಣ್ಯಾರು ಎಂದು ನಾನು ಹೇಳುವುದಿಲ್ಲ. ಈ ಸ್ಟುಡಿಯೋದಲ್ಲಿ ಕೂತು ಇದನ್ನು ಹೇಳಬಹುದೋ ಇಲ್ಲವೋ, ಹೇಳಿಬಿಡುತ್ತೇನೆ. ಇದೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಎಂದು ಹೊರಗೆ ಹಾಕಿತು. ಮೂವತ್ತು ವರ್ಷ ಅದು ಬಾಗಿಲ ಹೊರಗೇ ಇತ್ತು. ಆ ಮೂವತ್ತು ವರ್ಷವೂ ನಮ್ಮ ಕಡೆಯ ಭಜನೆಯಲ್ಲಿ ಅದರ ತಿದಿ ಊದುತ್ತಲೇ ಇತ್ತು. 1952ರಲ್ಲಿ ಕೇಸ್ಕರ್ ಎನ್ನುವವರು ವಾರ್ತಾ ಮಂತ್ರಿಯಾಗಿ ಬಂದರು. ಅವರಿಗೆ ಸಿನಿಮಾ ಹಾಡು ಕಂಡರಾಗದು. ಅದನ್ನು ತಗ್ಗಿಸುತ್ತ ಬಂದರು. ಜನ ಏನು ಮಾಡಿದರು? ಶಾಸ್ತ್ರೀಯ ಸಂಗೀತ ಕಲಿತರೇ? ಇಲ್ಲ. ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಪ್ರತಿ ಬುಧವಾರ ರಾತ್ರಿ, ಅಲ್ಲಿ ಸಿನಿಮಾ ಹಾಡಿನ ಕಾರ್ಯಕ್ರಮ ನಡೆಸುತ್ತಿದ್ದ ಅಮೀನ್ ಸಯಾನಿಯವರ ದನಿಗೆ ಕಾದು ಕೂತರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾದದ್ದು ಆ ಕೇಳುಗರನ್ನು ಮನೆಗೆ ವಾಪಸು ಕರೆಯಲಿಕ್ಕೆ.

ಕಾರವಾರದ ಪೇಟೆಯಲ್ಲಿ ನಡೆದು ನೋಡಿ. ಒಂದು ಅಂಗಡಿಯಲ್ಲಿ ಗೋವೆಯ ಕೊಂಕಣಿ ಹಾಡು, ಅದರ ಪಕ್ಕದಲ್ಲಿ ಮರಾಠಿ ಅಭಂಗ, ಎದುರಿನ ಮೊಬೈಲ್ ಅಂಗಡಿಯಲ್ಲಿ ಹೊಸ ಕನ್ನಡ ಹಾಡು, ಮೇಲೆ ಕಟ್ಟಡದ ಕೆಲಸ ನಡೆಯುವಲ್ಲಿ ಭೋಜಪುರಿ. ಬಂಗಡೆ ತರಲು ಹೋದವರು ನಾಲ್ಕು ಭಾಷೆ ಹಾದು ಬರುತ್ತಾರೆ. ಬಂಗಡೆ ಸಿಗದೆ ಬರಿಗೈಯಲ್ಲಿ ಬಂದರೂ ಅಷ್ಟು ಸಿಕ್ಕಿರುತ್ತದೆ.

ಆದರೆ ಈ ವಿಷಯದಲ್ಲಿ ಶಿರಸಿಯನ್ನು ಮೀರಿಸುವವರಿಲ್ಲ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂತಿರುತ್ತಾಳೆ. ಹಣ್ಣುಕಾಯಿ ಮುಗಿಸಿ ಹೊರಬಿದ್ದರೆ ಒಂದು ಕಡೆ ನಾಟಕ ಕಂಪನಿಯ ಮೈಕು, ಹಾಸ್ಯದ ಹೆಸರಿನಲ್ಲಿ ಎರಡರ್ಥದ ಸಂಭಾಷಣೆ ಊರಿಗೆಲ್ಲ ಕೇಳುವಂತೆ. ಇನ್ನೊಂದು ಕಡೆ ತೊಟ್ಟಿಲಿನವನ ಹಿಂದಿ ಹಾಡು. ಮರದ ಬಾವಿಯೊಳಗೆ ಬೈಕ್ ಓಡಿಸುವವರ ಎಂಜಿನ್ ಅಬ್ಬರ. ಮಕ್ಕಳೆಲ್ಲರ ಬಾಯಲ್ಲಿ ಪೀಪಿ. ಮಿರ್ಚಿ ಭಜಿಯ ಅಂಗಡಿಯ ಎದುರು ಒಂದು ಜಾಗ ಇದೆ. ಅಲ್ಲಿ ನಿಂತರೆ ಎಡಗಿವಿಗೆ ಒಂದು ಹಾಡು, ಬಲಗಿವಿಗೆ ಇನ್ನೊಂದು. ಎರಡೂ ಸೇರಿ ನಡುವೆ ಮೂರನೆಯದೊಂದು ಹುಟ್ಟುತ್ತದೆ, ಅದನ್ನು ಯಾವ ಸಂಗೀತ ನಿರ್ದೇಶಕರೂ ಮಾಡಿದ್ದಲ್ಲ. ಅದರ ಮೇಲೆ, ನೀಲಿ ಅಂಗಿ ಹಾಕಿದ ಹುಡುಗ ತಪ್ಪಿಸಿಕೊಂಡಿದ್ದಾನೆ, ಪಾಲಕರು ಬಂದು ಕರೆದುಕೊಂಡು ಹೋಗಬೇಕು ಎಂದು ಪೊಲೀಸರ ಮೈಕು. ಎಷ್ಟು ಜೋರು ಹಾಡಿದ್ದರೂ ಈ ಮಾತು ಬಂದಾಗ ಎಲ್ಲ ಅಮ್ಮಂದಿರೂ ಒಮ್ಮೆ ತಮ್ಮ ಮಗನ ಅಂಗಿ ನೋಡಿಕೊಳ್ಳುತ್ತಾರೆ. ಜಾತ್ರೆ ಇಲ್ಲದ ವರ್ಷ ಶಿರಸಿ ಸುಮ್ಮನಿರುತ್ತದೆ ಎಂದು ತಿಳಿಯಬೇಡಿ. ಆ ವರ್ಷ ಹೋಳಿಗೆ ಬೇಡರ ವೇಷ ಬರುತ್ತದೆ. ಬೆನ್ನಿಗೆ ನವಿಲುಗರಿ ಕಟ್ಟಿದ ಬೇಡ ತಮಟೆಯ ಪೆಟ್ಟಿಗೆ ನುಗ್ಗಿ ಬರುವಾಗ ನಿಮಗೆ ಈ ತಾಳ ಇಷ್ಟವೇ ಎಂದು ಯಾರು ಕೇಳುತ್ತಾರೆ? ಕಾಲು ತನ್ನಷ್ಟಕ್ಕೆ ಹಿಂದೆ ಹೋಗುತ್ತದೆ, ಆಮೇಲೆ ಮುಂದೆ ಬರುತ್ತದೆ.

ನನ್ನ ವಾದಕ್ಕೂ ಒಂದು ಗಡಿ ಇದೆ. ಗೋಕರ್ಣದ ಕಡಲತೀರಕ್ಕೆ ಬಂದು, ಮರಳಿನ ಮೇಲೆ ಸ್ಪೀಕರ್ ಇಟ್ಟು, ಅರಬ್ಬೀ ಸಮುದ್ರಕ್ಕೇ ಸಡ್ಡು ಹೊಡೆಯುವವರನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಟೆಂಪೋ ಡ್ರೈವರ್ ಹಾಡು ಹಾಕುವುದು ಗಾಡಿಯಲ್ಲಿ ಕೂತವರಿಗೆ. ಇವರು ಹಾಕಿಕೊಳ್ಳುವುದು ತಮಗೆ, ಕೇಳಬೇಕಾದವರು ಮಾತ್ರ ನಾವೆಲ್ಲ. ಕಾರವಾರದ ರೇಡಿಯೋದಲ್ಲಿ ಠಾಗೋರರ ಹೆಸರು ಎತ್ತದೆ ಭಾಷಣ ಮುಗಿಸಬಾರದು ಎಂಬ ಅಲಿಖಿತ ನಿಯಮ ಇರುವಂತಿದೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರು ಬಂದಿದ್ದರು. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದದ್ದನ್ನು ನೆನಪುಗಳಲ್ಲಿ ಬರೆದಿದ್ದಾರೆ. ಪುಣ್ಯವಂತರು. ಆಗ ದೋಣಿಗೆ ಬ್ಲೂಟೂತ್ ಇರಲಿಲ್ಲ.

ಯಕ್ಷಗಾನದ ಬಗ್ಗೆ ಮಾತಾಡಿದರೆ ಜಗಳ ಖಂಡಿತ, ಆದರೂ ಒಂದು ಮಾತು. ಕಾಲಮಿತಿಯ ಆಟಕ್ಕೆ ನನ್ನ ತಕರಾರಿಲ್ಲ. ಮರುದಿನ ಕೆಲಸಕ್ಕೆ ಹೋಗುವವಳು ನಾನು. ಪದ್ಯಕ್ಕೆ ಸಿನಿಮಾದ ಧಾಟಿ ಸೇರಿಸಿದರೆ ಹಿರಿಯರು ಎದ್ದು ಹೋಗುತ್ತಾರೆ, ನನಗೆ ಅದೂ ನಡೆಯುತ್ತದೆ. ಆಗದೇ ಇರುವುದು ರೀಲ್ಸ್. ಅದರಲ್ಲಿ ಬರುವುದು ಬರೀ ಮಂಡಿ. ವೇಷಧಾರಿ ಗಿರಗಿರ ಮಂಡಿ ತಿರುಗುವ ಅರ್ಧ ನಿಮಿಷ, ಮೇಲೆ ಶಿಳ್ಳೆ. ಆ ಮಂಡಿ ಬರುವ ಮೊದಲು ಭಾಗವತರು ಒಂದೇ ಸಾಲನ್ನು ಹಿಡಿದು ಎಳೆದು ಎಳೆದು ಪಾತ್ರವನ್ನು ಅಲ್ಲಿಗೆ ತಂದು ನಿಲ್ಲಿಸಿರುತ್ತಾರೆ. ಚಿಟ್ಟಾಣಿಯವರ ಕುಣಿತ ನೋಡಿದವರಿಗೆ ಗೊತ್ತು, ಅವರು ಕುಣಿಯುವ ಮೊದಲು ಸುಮ್ಮನೆ ನಿಂತು ನೋಡುವ ನೋಟಕ್ಕೇ ಜನ ಮುಂದೆ ಸರಿದು ಕೂರುತ್ತಿದ್ದರು. ಫೋನಿನಲ್ಲಾದರೆ ಆ ನಿಲುವು ಬರುವಷ್ಟರಲ್ಲಿ ಹೆಬ್ಬೆರಳು ಮುಂದಿನ ವಿಡಿಯೋಕ್ಕೆ ಹೋಗಿರುತ್ತದೆ.

ಅಂಕೋಲೆಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ತೀರಿಕೊಂಡದ್ದು 2025ರ ಫೆಬ್ರುವರಿಯಲ್ಲಿ. 2017ರಲ್ಲಿ ಪದ್ಮಶ್ರೀ ಬಂದಿತ್ತು. ಹಾಲಕ್ಕಿಗಳ ಹಾಡುಗಳನ್ನು ಪುಸ್ತಕ ನೋಡದೆ, ಗಂಟೆಗಟ್ಟಲೆ ಹಾಡುತ್ತಿದ್ದರು. ಹಾಲಕ್ಕಿಗಳಲ್ಲಿ ನೆಟ್ಟಿಯ ಹೊತ್ತಿಗೆ ನೆಟ್ಟಿಯ ಹಾಡು, ಮದುವೆಗೆ ಮದುವೆಯದು, ಸುಗ್ಗಿಗೆ ಸುಗ್ಗಿಯದು. ಇವತ್ತು ಯಾವ ಹಾಡು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ, ಗದ್ದೆಯೇ ಹೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನಗೇ ಬಗೆಹರಿಯದ ಒಂದು ವಿಷಯ ಇದೆ. ಕೋರಿಕೆಯ ಕಾರ್ಯಕ್ರಮ. ನಮ್ಮ ಕೇರಿಯ ಶೇಟ್ ಬಾಯಿ ಅದಕ್ಕೆ ತಪ್ಪದೆ ಫೋನ್ ಹಚ್ಚುತ್ತಾರೆ. ಅವರು ಕೇಳುವ ಹಾಡು ಅವರ ಮೊಬೈಲಿನಲ್ಲೇ ಇದೆ, ಅದೇ ಅವರ ರಿಂಗ್‌ಟೋನ್ ಕೂಡ. ಮತ್ತೆ ರೇಡಿಯೋಕ್ಕೆ ಯಾಕೆ ಬಾಯಿ ಎಂದು ಕೇಳಿದೆ. "ಮೊಬೈಲಲ್ಲಿ ಹಾಕಿದ್ರೆ ನಾನೊಬ್ಳೇ ಕೇಳೂದು. ಇಲ್ಲಾದ್ರೆ ಹೊನ್ನಾವರದಲ್ಲಿ ನನ್ನ ನಾದಿನಿಗೂ ಕೇಳ್ಬೇಕಾಗ್ತದೆ" ಎಂದರು. ನಾದಿನಿಗೆ ಆ ಹಾಡು ಇಷ್ಟವೇ ಎಂದೆ. "ಒಂಚೂರೂ ಇಲ್ಲ" ಎಂದು ನಕ್ಕರು.

ಆ ನಾದಿನಿ ಈಗ ಕೇಳುತ್ತಿದ್ದರೆ ಅವರಿಗೊಂದು ವಿಶೇಷ ನಮಸ್ಕಾರ. ನನ್ನ ಮಾತು ಮುಗಿದ ಮೇಲೆ ಯಾವ ಹಾಡು ಹಾಕುತ್ತೀರಿ ಎಂದು ಉದ್ಘೋಷಕರನ್ನು ಆಗಲೇ ಕೇಳಿದ್ದೆ. ಹೇಳಲಿಲ್ಲ. ಬಾಗಿಲಾಚೆ ನಿಂತು ಕೇಳಿಕೊಂಡೇ ಹೋಗುತ್ತೇನೆ. ನಮಸ್ಕಾರ.