ಹಗ್ಗ ಬೇಡ, ಗಾಡಿ ತೆಗೆಯಿರಿ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಹಾವು ಕಚ್ಚಿದರೆ ಏನು ಮಾಡಬೇಕು? ಗಾಡಿ ತೆಗೆಯಿರಿ, ಆಸ್ಪತ್ರೆಗೆ ಬನ್ನಿ. ಉಳಿದ ಹೊತ್ತೆಲ್ಲ ಇದನ್ನೇ ಹೇಳುತ್ತೇನೆ, ಬೇಸರಿಸಬೇಡಿ.

ತೀರ್ಥಹಳ್ಳಿ ಕಡೆಯವರೊಬ್ಬರು. ಎರಡೆಕರೆ ತೋಟ. ಮುಸ್ಸಂಜೆ ಉದುರಿದ ಅಡಿಕೆ ಹೆಕ್ಕಲು ದರಕಿನೊಳಗೆ ಕೈ ಹಾಕಿದರು. ಕೊಳಕುಮಂಡಲ ಕಚ್ಚಿತು. ಮೊಣಕೈ ಮೇಲೆ ಹಗ್ಗ ಬಿಗಿದು ಪಕ್ಕದೂರಿನ ನಾಟಿ ಔಷಧಿಗೆ ಓಡಿದರು. ರಾತ್ರಿಯಿಡೀ ಬೇರು ತೇಯ್ದು ಕುಡಿಸಿದ್ದಾಯಿತು. ಬೆಳಗ್ಗೆ ನಮ್ಮ ಆಸ್ಪತ್ರೆಗೆ ತಂದಾಗ ಕೈ ಊದಿ ಕಪ್ಪಾಗಿತ್ತು, ವಸಡಿನಿಂದ ರಕ್ತ ಒಸರುತ್ತಿತ್ತು. ನಾವೊಂದು ಸರಳ ಪರೀಕ್ಷೆ ಮಾಡುತ್ತೇವೆ. ಒಣ ಗಾಜಿನ ನಳಿಕೆಗೆ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ವಾಲಿಸುವುದು. ಸರಿಯಿದ್ದ ರಕ್ತ ಹೆಪ್ಪುಗಟ್ಟಿ ಗಿಣ್ಣಿನ ಹಾಗೆ ಕೂತಿರುತ್ತದೆ. ಅವರದು ಮುರುಗಲ ಪಾನಕದಂತೆ ಹರಿಯಿತು. ‘ಇದಕ್ಕೆ ನೀರು ಹಾಕಿದಿರಾ ಡಾಕ್ಟರೇ?’ ಎಂದು ಅವರ ಮನೆಯಾಕೆ ಕೇಳಿದರು.

ವಿಷಕ್ಕೆ ಚುಚ್ಚುಮದ್ದು ಕೊಟ್ಟೆವು. ಅಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿತ್ತು. ಶಿವಮೊಗ್ಗದಲ್ಲಿ ಮೂರು ವಾರ ಡಯಾಲಿಸಿಸ್. ಜೀವ ಉಳಿಯಿತು. ಮರದ ಮೇಲಿನ ಫಸಲನ್ನು ಸಿಕ್ಕ ದರಕ್ಕೆ ಚೇಣಿ, ಅಂದರೆ ಗುತ್ತಿಗೆ ಕೊಟ್ಟರು, ಮನೆಯಾಕೆಯ ಬಳೆ ಗಿರವಿಗೆ ಹೋಯಿತು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅಡಿಕೆ ಸುಲಿಯುವ ಕೆಲಸ ಈಗ ಅವರ ಮಗಳದು. ಅದೇ ಸಂಜೆ ಬಂದಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ.

ಬೇರು ಕುಡಿದು ಬದುಕಿದವರಿದ್ದಾರೆ ಎನ್ನುತ್ತೀರಿ. ಇದ್ದಾರೆ, ಅವರನ್ನು ಕಚ್ಚಿದ್ದು ಕೇರೆಹಾವು!

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ದುಡಿಯುವವರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ನಮ್ಮ ರಾಜ್ಯದಲ್ಲಿ 2024ರಿಂದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಆದರೆ ನೀವು ಆಸ್ಪತ್ರೆಗೇ ಬಾರದಿದ್ದರೆ ನಾವು ವರದಿ ಮಾಡುವುದಾದರೂ ಏನನ್ನು?

ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ಬಳೆ ತೆಗೆಯಿರಿ. ಹಾವನ್ನು ಕೊಂದು ಚೀಲದಲ್ಲಿ ತರುವುದೂ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಔಷಧಿ ಒಂದೇ. ಗಾಡಿ ತೆಗೆಯಿರಿ.

ಸಮಯವಾಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಕಟ್ಟುಹಾವಿನ ಬಗ್ಗೆ ಹೇಳಲೇ ಇಲ್ಲ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿ ಮಲಗಿ.