ಪಾಸಿಟಿವ್ ಅಂದಾಕ್ಷಣ ಅಳಬೇಡಿ

ಕೇಳುಗರಿಗೆ ನಮಸ್ಕಾರ. ನಾನು ರೋಗಿಗಳ ನಾಡಿ ಹಿಡಿಯುವ ಡಾಕ್ಟರಲ್ಲ. ಅವರ ಗಡ್ಡೆಯಿಂದ ತೆಗೆದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟು ಬರೆಯುವವನು. ನಮ್ಮ ಲ್ಯಾಬಿನ ಬಾಗಿಲಿಗೆ ರೋಗಿಗಳು ಬರುವುದು ಅಪರೂಪ.

ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಬೀಡಿ, ಎಲೆ-ಅಡಿಕೆ ಯಾವುದನ್ನೂ ಮುಟ್ಟಿದವರಲ್ಲ. ಟಾನ್ಸಿಲ್‌ನಲ್ಲಿ ಕ್ಯಾನ್ಸರ್, ಕತ್ತಿನ ಒಂದು ಪಕ್ಕದಲ್ಲಿ ಎರಡು ಗಂಟು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ರಿಪೋರ್ಟು. ‘ಪಿ16 ಪಾಸಿಟಿವ್’ ಎಂಬ ಸಾಲಿನ ಕೆಳಗೆ ಅಳಿಯ ಕೆಂಪು ಪೆನ್ನಿನಲ್ಲಿ ಎರಡೆರಡು ಗೆರೆ ಎಳೆದಿದ್ದ. ಮನೆಯಲ್ಲಿ ಆಗಲೇ ಅಳು ಶುರುವಾಗಿತ್ತಂತೆ.

ಕೂರಿಸಿ, ನೀವೇ ನೋಡಿ ಅಂದೆ. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಬಗ್ಗಿದರು. “ಕಾಫಿ ಚೆಲ್ಲಿದ ಹಾಗಿದೆಯಲ್ಲ ಸಾರ್!” ಸರಿಯಾಗೇ ಹೇಳಿದರು. ಆ ಕಂದು ಬಣ್ಣ ಇರುವಲ್ಲೆಲ್ಲ ಪಿ16 ಎಂಬ ಪ್ರೋಟೀನ್ ಇದೆ. ಅದು ಕೋಶದ ಬ್ರೇಕು. ಎಚ್‌ಪಿವಿ ಎಂಬ, ಗಂಟಲಲ್ಲಿ ಇಂಥ ಕ್ಯಾನ್ಸರ್ ತರುವ ವೈರಸ್ ಬ್ರೇಕಿನ ತಂತಿ ಕತ್ತರಿಸಿಬಿಟ್ಟಿದೆ, ಡ್ರೈವರ್ ಮಾತ್ರ ಪೆಡಲ್ ತುಳಿಯುತ್ತಲೇ ಇದ್ದಾನೆ. ತುಳಿದಷ್ಟೂ ಪಿ16 ತುಂಬಿಕೊಳ್ಳುತ್ತದೆ. ನೂರಕ್ಕೆ 70 ಕೋಶ ಗಾಢವಾಗಿ ಕಂದಾದರೆ ನಾವು ಪಾಸಿಟಿವ್ ಅಂತ ಬರೆಯುತ್ತೇವೆ.

ಗಂಟಲಲ್ಲಿ ಇದು ಒಳ್ಳೆಯ ಸುದ್ದಿ. ಮತ್ತೆ ಹೇಳುತ್ತೇನೆ, ಗಂಟಲಲ್ಲಿ, ಅಂದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ. ಈ ಬಗೆಯ ಗಡ್ಡೆ ರೇಡಿಯೇಷನ್ನಿಗೆ ಬೇಗ ಕರಗುತ್ತದೆ. ಅಮೆರಿಕದಿಂದ 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ವೈರಸ್ ಇದ್ದವರ ಪೈಕಿ ಮೂರು ವರ್ಷದ ನಂತರ ನೂರಕ್ಕೆ 82 ಮಂದಿ ಬದುಕಿದ್ದರು, ಇಲ್ಲದವರ ಪೈಕಿ 57. ವ್ಯತ್ಯಾಸ ಎಷ್ಟೆಂದರೆ, ಕ್ಯಾನ್ಸರಿನ ಹಂತ ಹೇಳುವ ಪುಸ್ತಕವನ್ನೇ ತಿದ್ದಬೇಕಾಯಿತು. ಹಳೆಯ ಲೆಕ್ಕದಲ್ಲಿ ಮೇಷ್ಟ್ರು ನಾಲ್ಕನೇ ಹಂತ, ಈಗಿನ ಲೆಕ್ಕದಲ್ಲಿ ಒಂದನೇ ಹಂತ.

“ಹಾಗಾದರೆ ನಾನು ಪಾಸಾ?” ಅಂದರು. ಪಾಸಲ್ಲ ಮೇಷ್ಟ್ರೇ, ಪ್ರಶ್ನೆಪತ್ರಿಕೆ ಸುಲಭ ಬಂದಿದೆ, ಬರೆಯೋದು ನೀವೇ ಅಂದೆ. ಜೋರಾಗಿ ನಕ್ಕುಬಿಟ್ಟರು.

ಮೇಷ್ಟ್ರ ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಗುಟ್ಕಾ, ತಂಬಾಕು ಜಗಿದು ಕೆನ್ನೆಯೊಳಗೆ ಕ್ಯಾನ್ಸರ್ ಆದವರೂ ಈಗ ಪಿ16 ಮಾಡಿಸಿ ಅಂತ ಕೇಳುತ್ತಾರೆ. ದಯವಿಟ್ಟು ಬೇಡ. ಕೆನ್ನೆಗೆ ಆ ಲೆಕ್ಕ ಹೊಂದುವುದಿಲ್ಲ. ಗಡ್ಡೆ ಎಲ್ಲಿದೆ ಅನ್ನುವುದನ್ನು ಮೊದಲು ಓದಿ, ಪಾಸಿಟಿವ್ ಆಮೇಲೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಈ ಕೆನ್ನೆಯ, ನಾಲಿಗೆಯ ಮುಂಭಾಗದ ಕ್ಯಾನ್ಸರೇ. ಅಲ್ಲಿ ಆಯಸ್ಸು ಹೇಳುವುದು ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಕತ್ತಿಗೆ ಹಬ್ಬಿದೆಯೋ ಇಲ್ಲವೋ ಅನ್ನುವುದು. ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಪ್ರೋಟೀನ್ ಗೀಟೀನ್ ಆಮೇಲೆ ಸ್ವಾಮಿ, ಮೊದಲು ಹೋಗಿ ಬಾಯಿ ತೋರಿಸಿ.

ಪಿಡಿ-ಎಲ್1 ಅಂತ ಇನ್ನೊಂದು ಪ್ರೋಟೀನ್ ಇದೆ. ಮರುಕಳಿಸಿದ ಕ್ಯಾನ್ಸರಿಗೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಚಿಕಿತ್ಸೆ, ಕೊಡಬೇಕೋ ಬೇಡವೋ ಅನ್ನುವಾಗ ಅದನ್ನು ನೋಡುತ್ತಾರೆ. ಅದರ ಹೆಸರು ರಿಪೋರ್ಟಿನಲ್ಲಿ ಕಂಡರೂ ಕೆಂಪು ಪೆನ್ನು ತೆಗೆಯಬೇಡಿ, ಬರೆದವರನ್ನೇ ಬಂದು ಕೇಳಿ. ನಮಸ್ಕಾರ.