ಗೆರೆ ಬಟ್ಟೆಯೊಳಗೆ ಇರಬೇಕು

ನಮಸ್ಕಾರ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಸ್ವಲ್ಪ ಹುಡುಕಿದರೆ ಈ ಕುರ್ತಿ ಖಂಡಿತ ಸಿಗುತ್ತದೆ. ಬಿಳಿ ಬಟ್ಟೆ, ದಪ್ಪ ಕಪ್ಪು ಗೆರೆಗಳು, ನಡುನಡುವೆ ಕೆಂಪು, ಹಳದಿ, ನೀಲಿ ಚೌಕ. ಕೇಳಿದರೆ "ಮಾಡರ್ನ್ ಆರ್ಟ್ ಪ್ರಿಂಟ್ ಮೇಡಂ" ಅನ್ನುತ್ತಾರೆ. ನನ್ನ ತಕರಾರು ಆ ಪ್ರಿಂಟ್ ಅನ್ನುವುದರ ಮೇಲೆಯೇ.

ಆ ಚೌಕಗಳು ಡಚ್ ಕಲಾವಿದ ಪೀಟ್ ಮೊಂಡ್ರಿಯಾನ್ ಅವರವು. ಅಡ್ಡ ಗೆರೆ, ಉದ್ದ ಗೆರೆ, ಮೂರು ಬಣ್ಣ. ಓರೆ ಗೆರೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. 1944ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. 1965ರಲ್ಲಿ ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಈವ್ ಸೇಂಟ್ ಲಾರೆಂಟ್ ಆ ಚಿತ್ರಗಳನ್ನು ಫ್ರಾಕ್ ಮಾಡಿದರು. ಫ್ಯಾಷನ್ ಓದುವ ಮಕ್ಕಳೆಲ್ಲ ಅದರ ಫೋಟೋ ನೋಡಿರುತ್ತಾರೆ. ಆದರೆ ಹೊಲಿಗೆ ಗಮನಿಸಿದವರು ಕಡಿಮೆ.

ಅದರಲ್ಲಿ ಪ್ರಿಂಟೇ ಇಲ್ಲ! ಉಣ್ಣೆಯ ಜರ್ಸಿ ಬಟ್ಟೆ. ಒಂದೊಂದು ಬಣ್ಣಕ್ಕೂ ಬೇರೆ ತುಂಡು. ಕಪ್ಪು ಗೆರೆಯೂ ಕತ್ತರಿಸಿ ಸೇರಿಸಿದ ತುಂಡೇ. ಬ್ಲೌಸ್ ಹೊಲಿಯುವಾಗ ಎದೆಯ ಹತ್ತಿರ ಟಕ್ಸ್ ಹಿಡಿಯುತ್ತಾರಲ್ಲ, ಬಟ್ಟೆಗೆ ಮೈಯ ಆಕಾರ ಬರಲಿ ಅಂತ? ಇಲ್ಲಿ ಆ ಕೆಲಸವನ್ನೆಲ್ಲ ಗೆರೆಗಳ ಹೊಲಿಗೆಯೊಳಗೆ ಅಡಗಿಸಿದ್ದಾರೆ. ನೋಡಲು ಚಪ್ಪಟೆ ಚಿತ್ರ, ಒಳಗೆ ಮೈಗೆ ಹೊಂದುವ ಉಡುಪು. ಗೆರೆ ಅಲ್ಲಿ ದುಡಿಯುತ್ತಿದೆ. ನಮ್ಮ ಪ್ರಿಂಟ್ ಕುರ್ತಿಯಲ್ಲಿ ಅದು ಸುಮ್ನೆ ಮಲಗಿದೆ. ಪಕ್ಕದ ಹೊಲಿಗೆಯಲ್ಲಿ ಅರ್ಧ ಚೌಕ ಕಟ್ ಆಗಿ ಮಾಯ, ಹೊಟ್ಟೆಯ ಹತ್ತಿರ ನೇರ ಗೆರೆ ಸೊಟ್ಟ.

ಅದೇ 1965ರಲ್ಲಿ ಬ್ರಿಜೆಟ್ ರೈಲಿ ಅನ್ನುವ ಇಂಗ್ಲಿಷ್ ಕಲಾವಿದೆ ನ್ಯೂಯಾರ್ಕಿಗೆ ಬಂದರು. ಕಣ್ಣು ತಿರುಗಿಸುವ ಕಪ್ಪು ಬಿಳುಪು ಚಿತ್ರಗಳು ಅವರವು. ಬಂದು ನೋಡಿದರೆ ಅಂಗಡಿಗಳ ಗಾಜಿನ ಹಿಂದೆ ಅವರದೇ ಚಿತ್ರದ ಉಡುಪುಗಳು ನೇತಾಡುತ್ತಿದ್ದವು. ಅವರ ಚಿತ್ರ ಕೊಂಡಿದ್ದ ಬಟ್ಟೆ ಉದ್ಯಮಿಯೊಬ್ಬರೇ ಅದನ್ನು ಬಟ್ಟೆಗೆ ಇಳಿಸಿದ್ದರು. ರೈಲಿ ಕೆಂಡವಾದರು. ಮೊಂಡ್ರಿಯಾನ್ ಬದುಕಿದ್ದರೆ ಏನನ್ನುತ್ತಿದ್ದರೋ, ಕೇಳೋಕೆ ಆಗಲ್ಲ.

ಚಿತ್ರಕಲೆಯಿಂದ ಫ್ಯಾಷನ್ ಬಂತು ಅನ್ನುವ ಮಾತಿನ ಬಗ್ಗೆಯೂ ನನಗೆ ಅನುಮಾನವಿದೆ. ಉಕ್ರೇನಿನಲ್ಲಿ ಹುಟ್ಟಿದ ಚಿತ್ರಕಲಾವಿದೆ ಸೋನಿಯಾ ಡೆಲೋನೆ ಅವರನ್ನೇ ನೋಡಿ. 1911ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ಮಗುವಿಗೆ ತುಂಡು ಬಟ್ಟೆ ಸೇರಿಸಿ ಒಂದು ಹೊದಿಕೆ ಹೊಲಿದರು. ಹುಟ್ಟಿದ ನಾಡಿನ ರೈತರ ಮನೆಗಳಲ್ಲಿ ಅಂಥದ್ದನ್ನು ಕಂಡಿದ್ದರು. ನಮ್ಮ ಕೌದಿ ಇದೆಯಲ್ಲ, ಅದೇ ಜಾತಿ. ಆ ಹೊದಿಕೆ ನೋಡಿದ ಮೇಲೆ ಅವರ ಚಿತ್ರಗಳೂ ಬದಲಾದವು. 1913ರಲ್ಲಿ ಅದೇ ರೀತಿಯ ಉಡುಪನ್ನೂ ಹೊಲಿದುಕೊಂಡರು. ಅಂದರೆ ಬಟ್ಟೆಯಿಂದ ಕ್ಯಾನ್ವಾಸಿಗೆ, ಕ್ಯಾನ್ವಾಸಿನಿಂದ ಮತ್ತೆ ಬಟ್ಟೆಗೆ. ಕೌದಿ ಹೊಲಿದ ಅಜ್ಜಿಯರ ಹೆಸರು ಮಾತ್ರ ಮ್ಯೂಸಿಯಂಗಳಲ್ಲಿ ಕಾಣುವುದು ಅಪರೂಪ.

ಈಗ ಸೀರೆಗೆ ಬರೋಣ. ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರ ಪ್ರಿಂಟ್ ಮಾಡಿದ ಸೀರೆ ಉಟ್ಟು ಬರುವವರಿರುತ್ತಾರೆ. ತಪ್ಪೇನಿಲ್ಲ, ಚೆಂದವೇ. ಆದರೆ ಐದೂವರೆ ಮೀಟರ್ ಚಿತ್ರದಲ್ಲಿ ಕಾಣುವುದು ಎಷ್ಟು? ಅರ್ಧ ನೆರಿಗೆಯಲ್ಲಿ ಮುಳುಗಿತು, ಒಂದಷ್ಟು ಸೊಂಟಕ್ಕೆ ಸುತ್ತಿತು. ಉಳಿದಿದ್ದು ಸೆರಗು.

ಇಳಕಲ್ಲಿನ ನೇಕಾರರಿಗೆ ಇದು ಮೊದಲೇ ಗೊತ್ತಿತ್ತು. ಅವರ ಟೋಪ ತೆನಿ ಸೆರಗು ನೋಡಿ. ಕೆಂಪು ರೇಷ್ಮೆಯಲ್ಲಿ ಬಿಳಿ ಪಟ್ಟೆ, ಬಾಚಣಿಗೆಯ ಹಲ್ಲಿನಂತೆ ಸಾಲು. ಒಡಲಿನ ಹಾಸೇ (ಮಗ್ಗದ ಉದ್ದೆಳೆ) ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಕಸೂತಿಯೂ ಹಾಗೇ. ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಗೋಪುರ, ತೇರು, ತುಳಸಿಕಟ್ಟೆ ಎಲ್ಲವೂ ಅಡ್ಡ, ಉದ್ದ, ಓರೆ ಗೆರೆಗಳಾಗಿ ಬಿಡುತ್ತವೆ. ಇದನ್ನು 'ಹಳ್ಳಿ ಕೈಕೆಲಸ' ಅಂತಲೂ ಪ್ಯಾರಿಸ್ಸಿನ ಫ್ರಾಕನ್ನು 'ಆರ್ಟ್' ಅಂತಲೂ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಹಾಗಂತ ಇಳಕಲ್ ಸೆರಗನ್ನು ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹೊಡೆದು 'ಎಥ್ನಿಕ್' ಅಂತ ಮಾರುವುದನ್ನೂ ಒಪ್ಪಲ್ಲ. ಅದು ಮೊಂಡ್ರಿಯಾನ್ ಕುರ್ತಿಯ ತಂಗಿ ಅಷ್ಟೇ.

ಬೆಂಗಳೂರಲ್ಲಿ ಗೆರೆಯನ್ನು ಗಂಭೀರವಾಗಿ ತೆಗೆದುಕೊಳ್ಳುವವರು ಯಾರು ಗೊತ್ತಾ? ಗಾರ್ಮೆಂಟ್ಸ್‌ನಲ್ಲಿ ಚೆಕ್ಸ್ ಶರ್ಟ್ ಹೊಲಿಯುವ ಹೆಣ್ಣುಮಕ್ಕಳು. ಒಳ್ಳೆಯ ಶರ್ಟಿನಲ್ಲಿ ಜೇಬಿನ ಚೌಕ ಎದೆಯ ಚೌಕಕ್ಕೆ ಸರಿಯಾಗಿ ಕೂತಿರುತ್ತದೆ, ಜೇಬು ಇದೆಯೋ ಇಲ್ಲವೋ ಗೊತ್ತಾಗದಷ್ಟು. ಅದಕ್ಕೆ ಬಟ್ಟೆ ಜಾಸ್ತಿ ಬೇಕು, ಸಮಯವೂ ಜಾಸ್ತಿ. ಅಗ್ಗದ ಶರ್ಟಿನಲ್ಲಿ ಮೊದಲು ಕೈಬಿಡುವುದೇ ಇದನ್ನು. ನಿಮ್ಮ ಏರಿಯಾದ ಟೇಲರ್ ಮಾಸ್ಟರ್ ಚೆಕ್ಸ್ ಬಟ್ಟೆಗೆ ಕಾಲು ಮೀಟರ್ ಜಾಸ್ತಿ ತನ್ನಿ ಅಂದರೆ ಮೋಸ ಅಂದುಕೊಳ್ಳಬೇಡಿ. ತಂದುಕೊಡಿ. ಹೊಲಿದು ಕೊಟ್ಟಾಗ ಪಕ್ಕದ ಹೊಲಿಗೆ ತಿರುಗಿಸಿ ನೋಡಿ. ಗೆರೆ ಸೇರಿಲ್ಲ ಅಂದರೆ ಆಗ ಜಗಳ ಆಡಿ, ನಾನೂ ನಿಮ್ಮ ಕಡೆಗೇ.